ಪೋರ್ಷೆ 918 ಸ್ಪೈಡರ್: ಒಂದೇ ಕಾರಿನ ಎರಡು ಲೆಕ್ಕ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ತ್ಸುಫೆನ್‌ಹೌಸೆನ್ ಕಾರ್ಖಾನೆಯಲ್ಲಿ 2013ರ ಸೆಪ್ಟೆಂಬರ್ 18ರಂದು ತಯಾರಿಕೆ ಆರಂಭವಾಗಿ 2015ರ ಜೂನ್‌ನಲ್ಲಿ ಮುಗಿದ ಪೋರ್ಷೆ 918 ಸ್ಪೈಡರ್ ಹೆಸರಿಗೆ ತಕ್ಕಂತೆ 918 ಮಾತ್ರ ಹೊರಬಂದ ಕಾರು. ಆರಂಭಕ್ಕೆ ಒಂಬತ್ತನೇ ತಿಂಗಳ ಹದಿನೆಂಟನೇ ತಾರೀಖನ್ನೇ ಆರಿಸಿಕೊಂಡದ್ದರಲ್ಲಿ ಪ್ರಚಾರ ವಿಭಾಗದ ಕೈವಾಡ ಎದ್ದು ಕಾಣುತ್ತದೆ. ಈ ಕಾರಿನ ಬಗ್ಗೆ ಬರೆಯುವವರಲ್ಲಿ ಒಂದು ಗುಂಪು ಅದರ ಯಂತ್ರವಿನ್ಯಾಸವನ್ನು ಕೊಂಡಾಡಿದರೆ, ಇನ್ನೊಂದು ಗುಂಪು ಹರಾಜಿನಲ್ಲಿ ಅದು ಎಷ್ಟಕ್ಕೆ ಹೋಯಿತು ಎಂಬುದನ್ನಷ್ಟೇ ಗಮನಿಸುತ್ತದೆ. ಎರಡೂ ಲೆಕ್ಕಗಳನ್ನು ಒಟ್ಟಿಗೆ ಬಿಚ್ಚಿ ನೋಡಿದವರು ಕಡಿಮೆ. ಹಾಗೆ ನೋಡಿದಾಗ ತಿಳಿಯುವುದೇನೆಂದರೆ, 918 ಅನ್ನು ಎಂಜಿನಿಯರಿಂಗ್ ದೃಷ್ಟಿಯಿಂದ ದೊಡ್ಡದಾಗಿಸಿದ ಗುಣಗಳು ಮತ್ತು ಮರುಮಾರಾಟದಲ್ಲಿ ಅದರ ಬೆಲೆಯನ್ನು ಹಿಡಿದು ನಿಲ್ಲಿಸಿರುವ ಗುಣಗಳು ಬಹುಮಟ್ಟಿಗೆ ಬೇರೆ ಬೇರೆಯವು. ಕೆಲವೆಡೆ ಅವು ನೇರವಾಗಿ ಒಂದಕ್ಕೊಂದು ವಿರುದ್ಧವಾಗಿಯೇ ನಿಲ್ಲುತ್ತವೆ.

ಕಂಪನಿ ಈ ಕಾರನ್ನು ಯಾಕೆ ಮಾಡಿತು

2009ರಲ್ಲಿ ಪೋರ್ಷೆ ಸಂಸ್ಥೆ ಒಳ್ಳೆಯ ಸ್ಥಿತಿಯಲ್ಲಿರಲಿಲ್ಲ. ಫೋಕ್ಸ್‌ವಾಗನ್ ಅನ್ನು ತಾನೇ ಕೊಳ್ಳಲು ಹೊರಟು ಸಾಲದಲ್ಲಿ ಸಿಲುಕಿದ ಪರಿಣಾಮವಾಗಿ, ದೀರ್ಘಕಾಲದ ಮುಖ್ಯಸ್ಥ ವೆಂಡೆಲಿನ್ ವೀಡೆಕಿಂಗ್ ಆ ವರ್ಷದ ಜುಲೈನಲ್ಲಿ ಹುದ್ದೆ ತೊರೆದರು, ವರ್ಷಾಂತ್ಯಕ್ಕೆ ಫೋಕ್ಸ್‌ವಾಗನ್‌ ಸಂಸ್ಥೆಯೇ ಪೋರ್ಷೆಯ ಕಾರು ವ್ಯವಹಾರದಲ್ಲಿ ಶೇ. 49.9 ಪಾಲು ಪಡೆಯಿತು. ಅದೇ ವರ್ಷ ಯುರೋಪಿಯನ್ ಒಕ್ಕೂಟ ಹೊಸ ಕಾರುಗಳ ಸರಾಸರಿ ಇಂಗಾಲ ಹೊರಸೂಸುವಿಕೆಯನ್ನು 2015ರ ಹೊತ್ತಿಗೆ ಕಿಲೋಮೀಟರಿಗೆ 130 ಗ್ರಾಂಗೆ ಇಳಿಸಬೇಕೆಂಬ ನಿಯಮ ತಂದಿತು. ವೇಗದ ಕಾರುಗಳನ್ನೇ ಮಾರಿ ಬದುಕುವ ಕಂಪನಿಯೊಂದಕ್ಕೆ ಇದು ಬರೀ ಕಾಗದದ ನಿಯಮವಾಗಿರಲಿಲ್ಲ. ತಾನು ಮಾಡುವ ಬಗೆಯ ಕಾರಿಗೆ ಮುಂದೆ ಸಮಾಜದಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬೇಕಾಗಿತ್ತು.

ಉತ್ತರ 2010ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಬಂತು. ಅಲ್ಲಿ ಪೋರ್ಷೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುವ ಮೂರು ಹೈಬ್ರಿಡ್‌ಗಳನ್ನು ಒಟ್ಟಿಗೆ ತೋರಿಸಿತು: ಕುಟುಂಬದ ಬಳಕೆಗೆ ಕಯೆನ್ ಎಸ್ ಹೈಬ್ರಿಡ್, ಬ್ಯಾಟರಿಯ ಬದಲು ಗಿರಗಿರ ತಿರುಗುವ ಗಾಲಿಯೊಂದರಲ್ಲಿ ಶಕ್ತಿಯನ್ನು ಕೂಡಿಡುವ ಪಂದ್ಯದ ಕಾರು 911 ಜಿಟಿ3 ಆರ್ ಹೈಬ್ರಿಡ್ ಮತ್ತು ಎರಡರ ಮೇಲೂ ಕಿರೀಟವಿಟ್ಟಂತೆ 918 ಸ್ಪೈಡರ್‌ನ ಪ್ರಯೋಗ ಮಾದರಿ. ಆ ಮಾದರಿಯ ಜೊತೆ ಬಂದ ಭರವಸೆಗಳು ಗಮನಾರ್ಹವಾಗಿದ್ದವು. 3.4 ಲೀಟರಿನ ವಿ8, ಅಂದರೆ ವಿ ಆಕಾರದ ಎರಡು ಸಾಲುಗಳಲ್ಲಿ ಎಂಟು ಸಿಲಿಂಡರುಗಳಿರುವ ಎಂಜಿನ್ ಮತ್ತು ವಿದ್ಯುತ್ ಮೋಟಾರುಗಳು. ನೂರು ಕಿಲೋಮೀಟರಿಗೆ 3 ಲೀಟರ್ ಇಂಧನ. ಕಿಲೋಮೀಟರಿಗೆ 70 ಗ್ರಾಂ ಇಂಗಾಲದ ಡೈಆಕ್ಸೈಡ್. ಜರ್ಮನಿಯ ಪಂದ್ಯದ ಹಾದಿ ನ್ಯೂರ್‌ಬರ್ಗ್‌ರಿಂಗ್‌ನ ಉತ್ತರ ಸುತ್ತನ್ನು 7 ನಿಮಿಷ 30 ಸೆಕೆಂಡಿನೊಳಗೆ ಮುಗಿಸುವ ವೇಗ. ಸುಮಾರು ಎರಡು ಸಾವಿರ ಮಂದಿ ಆಸಕ್ತಿ ತೋರಿಸಿದ್ದಾರೆ ಎಂದು ಕಂಪನಿ ಹೇಳಿಕೊಂಡಿತು, ಜುಲೈನಲ್ಲಿ ಮೇಲ್ವಿಚಾರಣಾ ಮಂಡಳಿ ತಯಾರಿಕೆಗೆ ಒಪ್ಪಿಗೆ ಕೊಟ್ಟಿತು. ಯೋಜನೆಯ ಹೊಣೆಯನ್ನು ಫ್ರಾಂಕ್ ವಾಲಿಸರ್ ಹೊತ್ತರು. ಆ ಎರಡು ಸಾವಿರ ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಾರಾಟದ ಮಾತು ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಯಂತ್ರದ ಒಳಗೆ

ಮೂರು ವರ್ಷಗಳ ನಂತರ ಸಿದ್ಧವಾದ ಕಾರು ಪ್ರಯೋಗ ಮಾದರಿಗಿಂತ ಬಹಳ ಮುಂದೆ ಹೋಗಿತ್ತು. ಎಂಜಿನ್ 4.6 ಲೀಟರಿಗೆ ಬೆಳೆದಿತ್ತು. ಅದು ಟರ್ಬೊ ಇಲ್ಲದ, ತಾನೇ ಗಾಳಿ ಎಳೆದುಕೊಳ್ಳುವ ವಿ8. ಪೋರ್ಷೆಯ ಆರ್‌ಎಸ್ ಸ್ಪೈಡರ್ ಎಂಬ ಪಂದ್ಯದ ಕಾರಿನ ಎಂಜಿನ್ನಿನಿಂದ ಬೆಳೆಸಿದ ಇದು ನಿಮಿಷಕ್ಕೆ 8,700 ಸುತ್ತಿನಲ್ಲಿ 608 ಅಶ್ವಶಕ್ತಿ ಕೊಡುತ್ತಿತ್ತು, 9,150 ಸುತ್ತಿನವರೆಗೂ ಏರುತ್ತಿತ್ತು, ಮತ್ತು ಇಷ್ಟಾಗಿಯೂ ಅದರ ತೂಕ 135 ಕಿಲೋಗ್ರಾಂ ಮಾತ್ರ. ಹಿಂದಿನ ಗಾಲಿಗಳಿಗೆ ಎಂಜಿನ್ ಜೊತೆ 115 ಕಿಲೋವ್ಯಾಟ್‌ನ ಮೋಟಾರು, ಮುಂದಿನ ಗಾಲಿಗಳಿಗೆ ಪ್ರತ್ಯೇಕವಾಗಿ 95 ಕಿಲೋವ್ಯಾಟ್‌ನ ಮತ್ತೊಂದು ಮೋಟಾರು. ಎಲ್ಲ ಸೇರಿ 887 ಅಶ್ವಶಕ್ತಿ. ನೂರು ಕಿಲೋಮೀಟರ್ ವೇಗಕ್ಕೆ 2.6 ಸೆಕೆಂಡು, ಗರಿಷ್ಠ ವೇಗ ಗಂಟೆಗೆ 345 ಕಿಲೋಮೀಟರ್.

ಈ ಅಂಕಿಗಳನ್ನು ಯಾವ ಮಾಹಿತಿ ಪತ್ರದಲ್ಲಾದರೂ ಓದಬಹುದು. ಅವುಗಳಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಎಂಜಿನ್ನಿನ ಬಿಸಿಯನ್ನು ಎಲ್ಲಿಗೆ ಕಳಿಸಿದರು ಎಂಬುದಕ್ಕೆ. ಸಾಮಾನ್ಯ ವಿ ಆಕಾರದ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ದಾರಿ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿರುತ್ತದೆ, ಹೊಗೆ ಹೊರಹೋಗುವ ಕೊಳವೆಗಳು ಹೊರಬದಿಗೆ ಇಳಿದು ಕಾರಿನ ಹಿಂತುದಿಯವರೆಗೆ ಓಡುತ್ತವೆ. 918ರಲ್ಲಿ ಇದನ್ನು ತಿರುಗುಮುರುಗು ಮಾಡಿದರು. ಗಾಳಿ ಎರಡೂ ಹೊರಬದಿಗಳಿಂದ ಬರುತ್ತದೆ, ಹೊಗೆ ನಡುವಿನ ಕಣಿವೆಯಿಂದ ನೆಟ್ಟಗೆ ಮೇಲೆದ್ದು ಎಂಜಿನ್ ಮುಚ್ಚಳದ ಮೇಲಿರುವ ಎರಡು ಕೊಳವೆಗಳಿಂದ ಆಕಾಶಕ್ಕೆ ಹೋಗುತ್ತದೆ. ನೋಡುವವರ ಕಣ್ಣಿಗೆ ಇದು ಅಲಂಕಾರದಂತೆ ಕಾಣುತ್ತದೆ, ಸವಾರನ ಕಿವಿಯ ಹಿಂದೆಯೇ ಸದ್ದು ಮೊಳಗುವುದರಿಂದ ಆಕರ್ಷಣೆಯೂ ಹೌದು. ಆದರೆ ಮೂಲ ಕಾರಣ ಬ್ಯಾಟರಿ. ಸವಾರರು ಕೂರುವ ಕೋಣೆಯ ಹಿಂಗೋಡೆಗೂ ಎಂಜಿನ್ನಿಗೂ ನಡುವೆ, ನೆಲಕ್ಕೆ ಹತ್ತಿರವಾಗಿ, 312 ಕೋಶಗಳ 6.8 ಕಿಲೋವ್ಯಾಟ್-ಗಂಟೆಯ ಲಿಥಿಯಂ ಅಯಾನ್ ಬ್ಯಾಟರಿಯನ್ನು ಕೂರಿಸಲಾಗಿದೆ. ತೂಕದ ಹಂಚಿಕೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಉಷ್ಣದ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಜಾಗವೂ ಇಲ್ಲ. ಬೆಂಕಿಯಂತೆ ಕಾದ ಕೊಳವೆಗಳನ್ನು ಕೆಳಗೆ ಇಳಿಸದೆ ಅತಿ ಚಿಕ್ಕ ದಾರಿಯಿಂದ ಮೇಲಕ್ಕೆ ಕಳಿಸಿಬಿಟ್ಟರೆ ಎರಡೂ ಒಟ್ಟಿಗೆ ಸಾಧ್ಯವಾಗುತ್ತದೆ. ಒಂದೇ ನಿರ್ಧಾರದಿಂದ ತೂಕ ಇಳಿಯಿತು, ಬಿಸಿ ದೂರವಾಯಿತು, ಸದ್ದು ಬಂತು, ಕಾರಿನ ಹಿಂಭಾಗ ಗಾಳಿಯ ಹರಿವಿಗೆ ಬಿಡುವಾಯಿತು. ಒಳ್ಳೆಯ ಯಂತ್ರವಿನ್ಯಾಸ ಎಂದರೆ ನನ್ನ ಮಟ್ಟಿಗೆ ಇದೇ.

ಇದೇ ಬಗೆಯ ಯೋಚನೆ ಇತರ ಕಡೆಗಳಲ್ಲೂ ಕಾಣುತ್ತದೆ. ಏಳು ಗೇರಿನ ಎರಡು ಕ್ಲಚ್‌ಗಳ ಗೇರ್‌ಬಾಕ್ಸನ್ನು ತಲೆಕೆಳಗಾಗಿ ಕೂರಿಸಿ ಭಾರದ ಕೇಂದ್ರವನ್ನು ಇಳಿಸಿದರು. ಎಂಜಿನ್ನಿನಿಂದ ಬೆಲ್ಟ್ ಮೂಲಕ ಓಡುವ ಉಪಕರಣಗಳನ್ನು ಪೂರ್ತಿ ತೆಗೆದುಹಾಕಿದರು. ಹವಾನಿಯಂತ್ರಣದ ಕಂಪ್ರೆಸರ್ ಮತ್ತು ಸ್ಟೀರಿಂಗ್ ಸಹಾಯ ಎರಡೂ ವಿದ್ಯುತ್ತಿನಿಂದ ನಡೆಯುತ್ತವೆ, ಹಾಗಾಗಿ ಎಂಜಿನ್ ಆರಿದ್ದಾಗಲೂ ನಿಲ್ಲುವುದಿಲ್ಲ. ದೇಹ ಕಾರ್ಬನ್ ಫೈಬರ್‌ನದು. ಸ್ಟೀರಿಂಗ್ ತಿರುಗಿಸಿದಾಗ ಹಿಂದಿನ ಗಾಲಿಗಳೂ ಸ್ವಲ್ಪ ಪಕ್ಕಕ್ಕೆ ಹೊರಳುತ್ತವೆ. ಛಾವಣಿಯ ಎರಡು ಹಲಗೆಗಳನ್ನು ಬಿಚ್ಚಿ ಮುಂಭಾಗದ ಸಾಮಾನು ಪೆಟ್ಟಿಗೆಯಲ್ಲಿ ಇಡಬಹುದು. ಇಟ್ಟ ಮೇಲೆ ಸಾಮಾನಿಗೆ ಜಾಗ ಉಳಿಯುವುದಿಲ್ಲ ಎಂಬುದು ಬೇರೆ ಮಾತು.

ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಯಾವ ಲೋಹದ ಸಂಪರ್ಕವೂ ಇಲ್ಲ. ಎರಡನ್ನೂ ಹೊಂದಿಸುವುದು ಪೂರ್ತಿಯಾಗಿ ತಂತ್ರಾಂಶದ ಕೆಲಸ. ತಿರುವಿನಲ್ಲಿ ಮುಂದಿನ ಗಾಲಿಗೆ ಎಷ್ಟು ಬಲ ಕೊಡಬೇಕು, ಬ್ರೇಕ್ ಒತ್ತಿದಾಗ ಮೋಟಾರು ಎಷ್ಟು ತಡೆಯಬೇಕು ಮತ್ತು ಡಿಸ್ಕ್ ಎಷ್ಟು ಹಿಡಿಯಬೇಕು, ಬ್ಯಾಟರಿಯನ್ನು ಎಷ್ಟು ಖಾಲಿ ಮಾಡಬಹುದು ಎಂಬುದನ್ನೆಲ್ಲ ಅದು ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಸವಾರನಿಗೆ ಕಾಣುವುದು ಸ್ಟೀರಿಂಗ್ ಮೇಲಿನ ಒಂದು ಚಿಕ್ಕ ತಿರುಗುಗುಂಡಿ ಮಾತ್ರ. ಕಾರು ಹೊರಡುವಾಗ ಬ್ಯಾಟರಿ ತುಂಬಿದ್ದರೆ ಅದು ತಾನಾಗಿಯೇ ವಿದ್ಯುತ್ ಕ್ರಮದಲ್ಲಿರುತ್ತದೆ, ಅಂದರೆ 887 ಅಶ್ವಶಕ್ತಿಯ ಕಾರು ಸದ್ದಿಲ್ಲದೆ ಮನೆಯ ಗೇಟು ದಾಟುತ್ತದೆ. ಗುಂಡಿಯನ್ನು ತಿರುಗಿಸುತ್ತಾ ಹೋದಂತೆ ಹೈಬ್ರಿಡ್, ಸ್ಪೋರ್ಟ್, ರೇಸ್ ಎಂಬ ಹಂತಗಳು. ನಡುವಿನ ಕೆಂಪು ಬಟನ್ ಒತ್ತಿದರೆ ಬ್ಯಾಟರಿಯಲ್ಲಿ ಉಳಿದದ್ದನ್ನೆಲ್ಲ ಕೆಲವೇ ಸುತ್ತುಗಳಿಗಾಗಿ ಸುರಿದುಬಿಡುವ ಕ್ರಮ. ಅದೇ ಕಾಲದಲ್ಲಿ ಬಂದ ಮೆಕ್‌ಲಾರೆನ್ ಪಿ1 ಮತ್ತು ಫೆರಾರಿಯ ಲಾಫೆರಾರಿ ಹಿಂದಿನ ಗಾಲಿಗಳನ್ನಷ್ಟೇ ಓಡಿಸುತ್ತಿದ್ದವು. ಲಾಫೆರಾರಿಗೆ ಬರೀ ವಿದ್ಯುತ್ತಿನಲ್ಲಿ ಓಡುವ ಕ್ರಮವೇ ಇರಲಿಲ್ಲ. ಮೂರರಲ್ಲಿ ಹೈಬ್ರಿಡ್ ವ್ಯವಸ್ಥೆಯನ್ನು ಇಡೀ ಕಾರಿನ ನಡವಳಿಕೆಯ ಬುನಾದಿಯಾಗಿ ಬಳಸಿದ್ದು 918 ಒಂದೇ. ಅದಕ್ಕೆ ತೆತ್ತ ಬೆಲೆ ಭಾರ: 1,674 ಕಿಲೋಗ್ರಾಂ. ಮೂರರಲ್ಲೂ ಅದೇ ಹೆಚ್ಚು ತೂಕದ್ದು.

ಭರವಸೆ ಮತ್ತು ಅಳತೆ

2013ರ ಸೆಪ್ಟೆಂಬರ್ 4ರಂದು, ತಯಾರಿಕೆ ಶುರುವಾಗಲು ಎರಡು ವಾರ ಇರುವಾಗ, ಪಂದ್ಯದ ಚಾಲಕ ಮಾರ್ಕ್ ಲೀಬ್ ನ್ಯೂರ್‌ಬರ್ಗ್‌ರಿಂಗ್‌ನ ಆ 20.6 ಕಿಲೋಮೀಟರಿನ ಸುತ್ತನ್ನು 6 ನಿಮಿಷ 57 ಸೆಕೆಂಡಿನಲ್ಲಿ ಮುಗಿಸಿದರು. ಏಳೂವರೆ ನಿಮಿಷದ ಭರವಸೆ ಕೊಟ್ಟ ಕಂಪನಿ ಅದಕ್ಕಿಂತ ಅರ್ಧ ನಿಮಿಷಕ್ಕೂ ಹೆಚ್ಚು ಮುಂದೆ ಹೋಗಿತ್ತು. ಸರಣಿ ಉತ್ಪಾದನೆಯ ರಸ್ತೆ ಕಾರೊಂದು ಏಳು ನಿಮಿಷದ ಗೆರೆಯನ್ನು ದಾಟಿದ್ದು ಇದೇ ಮೊದಲು ಎಂದು ಪೋರ್ಷೆ ಸಾರಿತು. 'ಸರಣಿ ಉತ್ಪಾದನೆಯ' ಎಂಬ ಷರತ್ತು ಇಲ್ಲಿ ಮುಖ್ಯ, ಏಕೆಂದರೆ ಬ್ರಿಟನ್ನಿನ ರ‍್ಯಾಡಿಕಲ್ ಎಸ್ಆರ್8 ಎಂಬ, ರಸ್ತೆಗೆ ನೋಂದಣಿ ಮಾಡಬಹುದಾದ ಆದರೆ ಮೂಲತಃ ಪಂದ್ಯಕ್ಕೆಂದೇ ಇರುವ ವಾಹನ 2009ರಲ್ಲೇ 6 ನಿಮಿಷ 48 ಸೆಕೆಂಡು ಮಾಡಿತ್ತು. ಎದುರಾಳಿಗಳಲ್ಲಿ ಮೆಕ್‌ಲಾರೆನ್ ಏಳು ನಿಮಿಷದೊಳಗೆ ಎಂದಷ್ಟೇ ಹೇಳಿ ನಿಖರ ಅಂಕಿ ಕೊಡಲಿಲ್ಲ, ಫೆರಾರಿ ಏನನ್ನೂ ಹೇಳಲಿಲ್ಲ.

ಇಂಧನದ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಯುರೋಪಿನ ಅಂದಿನ ಪರೀಕ್ಷಾ ಪದ್ಧತಿಯಲ್ಲಿ 918ಕ್ಕೆ ನೂರು ಕಿಲೋಮೀಟರಿಗೆ 3.0ರಿಂದ 3.1 ಲೀಟರ್, 70ರಿಂದ 72 ಗ್ರಾಂ ಎಂಬ ಪ್ರಮಾಣಪತ್ರ ಸಿಕ್ಕಿತು. ಭರವಸೆ ಅಕ್ಷರಶಃ ಈಡೇರಿತು. ಆದರೆ ಆ ಪದ್ಧತಿ ಪ್ಲಗ್ ಹಾಕುವ ಹೈಬ್ರಿಡ್‌ಗಳಿಗೆ ಒಂದು ಊಹೆಯನ್ನು ಅಂಟಿಸಿತ್ತು: ಬ್ಯಾಟರಿ ಖಾಲಿಯಾದ ಮೇಲೆ ಸವಾರ 25 ಕಿಲೋಮೀಟರ್ ಓಡಿಸಿ ಮತ್ತೆ ಚಾರ್ಜ್ ಮಾಡುತ್ತಾನೆ ಎಂದು. ವಿದ್ಯುತ್ತಿನಲ್ಲಿ ಓಡಿದ ದೂರಕ್ಕೆ ಪೆಟ್ರೋಲಿನ ಖರ್ಚು ಶೂನ್ಯ ಎಂದು ಹಿಡಿದು, ಉಳಿದದ್ದನ್ನು ಒಟ್ಟು ದೂರಕ್ಕೆ ಹಂಚಿದರೆ ಯಾವ ದೊಡ್ಡ ಎಂಜಿನ್ನೂ ಸಾಧುವಾಗಿ ಕಾಣುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬ್ಯಾಟರಿ ಖಾಲಿಯಾದ ಮೇಲಿನ ಓಟವನ್ನು ಪ್ರತ್ಯೇಕವಾಗಿ ಅಳೆದು ಗ್ಯಾಲನ್ನಿಗೆ 22 ಮೈಲಿ ಎಂದು ಬರೆಯಿತು. ಅದು ನೂರು ಕಿಲೋಮೀಟರಿಗೆ ಸುಮಾರು 10.7 ಲೀಟರ್ ಆಗುತ್ತದೆ. ವಿದ್ಯುತ್ತಿನ ಓಟ 12 ಮೈಲಿ, ಅಂದರೆ ಸುಮಾರು 19 ಕಿಲೋಮೀಟರ್. ಈ ಶಕ್ತಿಯ ಕಾರಿಗೆ 10.7 ಲೀಟರ್ ಕೂಡ ಮೆಚ್ಚಬೇಕಾದ ಅಂಕಿಯೇ. 3 ಲೀಟರ್ ಮಾತ್ರ ನಿಯಮದ ಸೂತ್ರ ಹೆತ್ತ ಕೂಸು.

ಮಾರಾಟ: ಎರಡು ಸಾವಿರ ಆಸಕ್ತರು ಎಲ್ಲಿ ಹೋದರು

2011ರ ಮಾರ್ಚ್‌ನಲ್ಲಿ ಬುಕಿಂಗ್ ಶುರುವಾಯಿತು. ಅಮೆರಿಕದಲ್ಲಿ ಮೂಲ ಬೆಲೆ 8,45,000 ಡಾಲರ್. ತೂಕವನ್ನು ಸುಮಾರು 40 ಕಿಲೋಗ್ರಾಂ ಇಳಿಸುವ, ಮೆಗ್ನೀಸಿಯಂ ಚಕ್ರಗಳನ್ನೂ ಹೆಚ್ಚುವರಿ ವಾಯುಚಲನ ಭಾಗಗಳನ್ನೂ ಕೊಡುವ ವೈಸಾಖ್ ಪ್ಯಾಕೇಜ್ ಬೇಕೆಂದರೆ ಇನ್ನೂ 84,000. ಕರಗಿದ ಲೋಹದಂತೆ ಹೊಳೆಯುವ ವಿಶೇಷ ಬಣ್ಣಕ್ಕೆ 63,000. ಬಣ್ಣಕ್ಕೆ ಕೊಟ್ಟ ಆ ಹಣದಲ್ಲಿ ಅದೇ ಕಂಪನಿಯ ಇನ್ನೊಂದು ಕಾರನ್ನೇ ಕೊಳ್ಳಬಹುದಿತ್ತು. ಕಾದಿರಿಸಿದವರನ್ನು ಹಿಡಿದಿಡಲು 911 ಟರ್ಬೊ ಎಸ್‌ನ ವಿಶೇಷ ಆವೃತ್ತಿಯೊಂದನ್ನೂ ಅವರಿಗೆಂದೇ ಮುಂದಿಟ್ಟರು.

ಆದರೂ ಎಲ್ಲ 918 ಕಾರುಗಳೂ ಮಾರಾಟವಾದವು ಎಂದು ಕಂಪನಿ ಘೋಷಿಸಿದ್ದು 2014ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ತಯಾರಿಕೆ ಶುರುವಾಗಿ ಹದಿನೈದು ತಿಂಗಳು ಕಳೆದಿತ್ತು. ಸುಮಾರು 300 ಕಾರುಗಳು ಅಮೆರಿಕಕ್ಕೆ ಹೋದವು, ಚೀನಾ ಮತ್ತು ಜರ್ಮನಿ ತಲಾ ನೂರರ ಆಸುಪಾಸು ಕೊಂಡವು. ಪಿ1 ಕಾರು 375 ಮಾತ್ರ ಬಂತು, ಬೇಗ ಮುಗಿಯಿತು. ಲಾಫೆರಾರಿಯ 499 ಕಾರುಗಳನ್ನು ಫೆರಾರಿ ತನ್ನ ಹಳೆಯ ಗ್ರಾಹಕರಿಗೆ ತಾನೇ ಕರೆದು ಕೊಟ್ಟಿತು, ಕೇಳಿದವರಿಗೆಲ್ಲ ಕೊಡಲಿಲ್ಲ. 918 ಹಣ ಕೊಡಬಲ್ಲ ಯಾರಿಗಾದರೂ ಸಿಗುತ್ತಿತ್ತು. ಆಸಕ್ತಿ ತೋರಿದ ಎರಡು ಸಾವಿರ ಮಂದಿಯಲ್ಲಿ ಅರ್ಧಕ್ಕಿಂತ ಕಡಿಮೆ ಗ್ರಾಹಕರನ್ನು ಹುಡುಕಲು ನಾಲ್ಕು ವರ್ಷವೇ ಹಿಡಿಯಿತು ಎಂಬುದನ್ನು ನೋಡಿದರೆ, ಆಸಕ್ತಿ ತೋರಿಸುವುದಕ್ಕೂ ಮುಂಗಡ ಕಟ್ಟುವುದಕ್ಕೂ ಇರುವ ಅಂತರ ಎಷ್ಟೆಂದು ತಿಳಿಯುತ್ತದೆ.

ಹೂಡಿಕೆಯ ಕಥೆ ನಿಜವಾಗಿ ತೀರ್ಮಾನವಾದದ್ದು ಇಲ್ಲಿಯೇ, ಕಾರು ರಸ್ತೆಗೆ ಇಳಿಯುವ ಮೊದಲೇ. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬೆಲೆಯನ್ನು ಏರಿಸುವುದು ಒಟ್ಟು ತಯಾರಾದ ಸಂಖ್ಯೆಗಿಂತ ಹೆಚ್ಚಾಗಿ, ಬೇಕೆಂದರೂ ಸಿಗದೆ ಹೋದವರ ಸಂಖ್ಯೆ. ಫೆರಾರಿ ಆ ಹಸಿವನ್ನು ಉದ್ದೇಶಪೂರ್ವಕವಾಗಿ ಉಳಿಸಿತು. ಪೋರ್ಷೆ ಹಸಿದವರಿಗೆಲ್ಲ ಬಡಿಸಿ, ಪಾತ್ರೆಯ ತಳ ಕಾಣುವವರೆಗೂ ಕಾದಿತು. ಕಾರಿನ ಹೆಸರಿಗೂ ಸಂಖ್ಯೆಗೂ ಗಂಟು ಹಾಕಿದ ಚಂದದ ಪ್ರಚಾರವೇ ಅದನ್ನು 600ಕ್ಕೋ 700ಕ್ಕೋ ನಿಲ್ಲಿಸುವ ದಾರಿಯನ್ನು ಮುಚ್ಚಿತು ಎಂದು ನನಗೆ ಅನಿಸುತ್ತದೆ.

ಹರಾಜಿನ ಕಟ್ಟೆಯಲ್ಲಿ

ಫಲಿತಾಂಶವನ್ನು ಮಾರುಕಟ್ಟೆ ಬೇಗನೆ ತೋರಿಸಿತು. ಸುಮಾರು 14 ಲಕ್ಷ ಡಾಲರಿಗೆ ಹೊಸದಾಗಿ ಕೊಟ್ಟ ಲಾಫೆರಾರಿ ಕೆಲವೇ ವರ್ಷಗಳಲ್ಲಿ ಅದರ ಎರಡು ಮೂರು ಪಟ್ಟಿಗೆ ಕೈಬದಲಾಯಿತು. 2016ರ ಡಿಸೆಂಬರ್‌ನಲ್ಲಿ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ವಿಶೇಷವಾಗಿ ಮಾಡಿದ ಐನೂರನೆಯ ಕಾರು 70 ಲಕ್ಷ ಡಾಲರ್ ತಂದಿತು, ಅದು ದಾನದ ಹರಾಜಾದ್ದರಿಂದ ಅಳತೆಗೋಲಾಗಿ ಹಿಡಿಯಬಾರದು. 918 ಕೂಡ ಮೂಲ ಬೆಲೆಗಿಂತ ಕೆಳಗಿಳಿಯಲಿಲ್ಲ. ಹತ್ತು ಲಕ್ಷ ಡಾಲರಿನ ಮೇಲೆಯೇ ನಿಂತು, 2020ರ ನಂತರದ ಏರಿಕೆಯಲ್ಲಿ ಕೆಲವು ಮಾರಾಟಗಳು ಇಪ್ಪತ್ತು ಲಕ್ಷವನ್ನೂ ದಾಟಿದವು. ಮೇಲುನೋಟಕ್ಕೆ ಇದು ಲಾಭದ ಕಥೆಯೇ.

ಲೆಕ್ಕ ಹಾಕಿ ನೋಡೋಣ. ವೈಸಾಖ್ ಪ್ಯಾಕೇಜ್, ವಿಶೇಷ ಬಣ್ಣ ಎಲ್ಲ ಸೇರಿಸಿ ಸುಮಾರು ಹತ್ತು ಲಕ್ಷ ಡಾಲರಿಗೆ 2014ರ ಕೊನೆಯಲ್ಲಿ ಕೊಂಡವರೊಬ್ಬರು 2024ರ ಕೊನೆಯಲ್ಲಿ ಹದಿನೆಂಟು ಲಕ್ಷಕ್ಕೆ ಮಾರಿದರು ಎಂದು ಊಹಿಸಿದರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇ. 6ರಷ್ಟು ಬೆಳವಣಿಗೆ. ಅದೇ ಹತ್ತು ವರ್ಷಗಳಲ್ಲಿ ಅಮೆರಿಕದ ಬೆಲೆಮಟ್ಟ ಸುಮಾರು ಮೂರನೇ ಒಂದರಷ್ಟು ಏರಿತು, ಹಾಗಾಗಿ ನಿಜವಾದ ಗಳಿಕೆ ಇದರ ಅರ್ಧದಷ್ಟೇ. ಅದರಿಂದ ವಿಮೆ, ನಿಗದಿತ ತಾಪಮಾನದ ಗ್ಯಾರೇಜಿನ ಬಾಡಿಗೆ, ವಾರ್ಷಿಕ ಸರ್ವಿಸ್, ಹರಾಜು ಸಂಸ್ಥೆಯ ಕಮಿಷನ್ ಮತ್ತು ತೆರಿಗೆಯನ್ನು ಕಳೆಯಬೇಕು. ಅತ್ತ ಎಸ್ ಆ್ಯಂಡ್ ಪಿ 500 ಷೇರು ಸೂಚ್ಯಂಕ ಅದೇ ಅವಧಿಯಲ್ಲಿ 2,059ರಿಂದ 5,882ಕ್ಕೆ ಏರಿತು. ಲಾಭಾಂಶವನ್ನು ಬಿಟ್ಟರೂ ಅದು 2.8 ಪಟ್ಟಿಗಿಂತ ಹೆಚ್ಚು, ಗ್ಯಾರೇಜಿನ ಖರ್ಚು ಇಲ್ಲದೆ. 918 ಹಣ ಕಳೆಯಲಿಲ್ಲ ಎಂಬುದೇ ಕಾರುಗಳ ಲೋಕದಲ್ಲಿ ದೊಡ್ಡ ಸಾಧನೆ, ಅದನ್ನು ಬಂಡವಾಳ ಎಂದು ಕರೆಯುವುದು ಮಾತ್ರ ಸ್ವಲ್ಪ ಹೆಚ್ಚಾಯಿತು.

ಇದಕ್ಕಿಂತ ಕುತೂಹಲದ ಹೋಲಿಕೆ ಪೋರ್ಷೆಯ ಮನೆಯೊಳಗೇ ಇದೆ. 918ರ ಪೂರ್ವಜ ಕರೆರಾ ಜಿಟಿ 2003ರಿಂದ 2006ರವರೆಗೆ 1,270 ಬಂತು, ಅಂದರೆ ಸಂಖ್ಯೆಯಲ್ಲಿ ಹೆಚ್ಚು. ಹೊಸತಾಗಿ ಅದರ ಬೆಲೆ ಅಮೆರಿಕದಲ್ಲಿ ಸುಮಾರು 4,40,000 ಡಾಲರ್, ಆಮೇಲೆ ಕೆಲವು ವರ್ಷ ಅದು ಮೂಲ ಬೆಲೆಗಿಂತ ಕೆಳಗೂ ಇಳಿಯಿತು. ಅದರಲ್ಲಿ ಹೈಬ್ರಿಡ್ ಇಲ್ಲ, ನಾಲ್ಕು ಗಾಲಿಯ ಎಳೆತವಿಲ್ಲ, ಗೇರ್ ಕೈಯಿಂದಲೇ ಹಾಕಬೇಕು, ಅಜಾಗರೂಕರಾದರೆ ಕ್ಷಮಿಸದ ಕಾರು ಎಂಬ ಹೆಸರೂ ಇತ್ತು. ಈಗ ಅದು ಹತ್ತು ಲಕ್ಷ ಡಾಲರ್ ದಾಟಿ, ಮೂಲ ಬೆಲೆಯ ಎರಡು ಮೂರು ಪಟ್ಟಿಗೂ ಮೇಲೆ ಮಾರಾಟವಾಗುತ್ತದೆ. ಎಲ್ಲ ಅಳತೆಯಲ್ಲೂ ಮೇಲಾದ 918 ಅನುಪಾತದ ಲೆಕ್ಕದಲ್ಲಿ ತನ್ನ ಅಣ್ಣನ ಹಿಂದೆಯೇ ಉಳಿದಿದೆ. ಸಂಗ್ರಾಹಕರು ದುಡ್ಡು ಕೊಡುವುದು ಮುಂದೆ ಯಾರೂ ಮಾಡದಿರುವ ವಸ್ತುವಿಗೆ. ಹತ್ತು ಸಿಲಿಂಡರಿನ ಎಂಜಿನ್ನು ಮತ್ತು ಕೈಗೇರು ಹಿಂತಿರುಗಿ ಬರುವುದಿಲ್ಲ. ಹೈಬ್ರಿಡ್ ತಂತ್ರ ಮಾತ್ರ ವರ್ಷ ವರ್ಷವೂ ಹೊಸದಾಗಿ, ಹೆಚ್ಚು ಚುರುಕಾಗಿ, ಅಗ್ಗವಾಗಿ ಬರುತ್ತಲೇ ಇರುತ್ತದೆ.

ಅಂಕಿಗಳ ಹೆಮ್ಮೆಯೂ ಹಾಗೆಯೇ ಸವೆಯಿತು. 2016ರ ಅಕ್ಟೋಬರ್‌ನಲ್ಲಿ ಹೈಬ್ರಿಡ್ ಅಲ್ಲದ ಲ್ಯಾಂಬೊರ್ಗಿನಿ ಹುರಾಕಾನ್ ಪರ್ಫಾರ್ಮಾಂತೆ ಅದೇ ಸುತ್ತನ್ನು 6 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿತು. ಮರುವರ್ಷ ಪೋರ್ಷೆಯದೇ 911 ಜಿಟಿ2 ಆರ್‌ಎಸ್, ಹಿಂದಿನ ಎರಡು ಗಾಲಿಗಳನ್ನಷ್ಟೇ ಓಡಿಸುವ ಕಾರು, 6 ನಿಮಿಷ 47 ಸೆಕೆಂಡಿಗೆ ಇಳಿಸಿತು. 2024ರ ಟೈಕಾನ್ ಟರ್ಬೊ ಜಿಟಿ ನಾಲ್ಕು ಬಾಗಿಲಿನ ವಿದ್ಯುತ್ ಕಾರು; ವೈಸಾಖ್ ಪ್ಯಾಕೇಜ್ ಹಾಕಿದರೆ ನೂರರ ವೇಗವನ್ನು 2.2 ಸೆಕೆಂಡಿನಲ್ಲಿ ಮುಟ್ಟುತ್ತದೆ. ಆದ್ದರಿಂದ ಇಂದು 918ಕ್ಕೆ ಬೆಲೆ ಕೊಡುವವರು 2.6 ಸೆಕೆಂಡಿಗಾಗಲಿ 3 ಲೀಟರಿಗಾಗಲಿ ಕೊಡುತ್ತಿಲ್ಲ. ಅವರನ್ನು ಎಳೆಯುವುದು 9,150 ಸುತ್ತಿನವರೆಗೆ ಕೂಗುವ ಪಂದ್ಯದ ವಿ8, ಮೇಲ್ಮುಖದ ಆ ಎರಡು ಕೊಳವೆ ಮತ್ತು ತಟ್ಟೆಯ ಮೇಲೆ ಕೆತ್ತಿದ ಸಂಖ್ಯೆ. ಎಂಜಿನಿಯರುಗಳು ಭವಿಷ್ಯವೆಂದು ಮಾಡಿದ ಅರ್ಧಕ್ಕಿಂತ, ಹಳೆಯದರಿಂದ ಉಳಿಸಿಕೊಂಡ ಅರ್ಧವೇ ಮಾರುಕಟ್ಟೆಗೆ ಪ್ರಿಯವಾಯಿತು.

ಇಟ್ಟುಕೊಳ್ಳುವ ಕಷ್ಟ

ಹಳೆಯ ಸಂಗ್ರಹದ ಕಾರನ್ನು ಪೆಟ್ರೋಲ್ ಬಸಿದು, ಬ್ಯಾಟರಿ ತಂತಿ ಕಳಚಿ, ಬಟ್ಟೆ ಹೊದಿಸಿ ಇಟ್ಟರೆ ಹತ್ತು ವರ್ಷದ ನಂತರವೂ ಒಬ್ಬ ಒಳ್ಳೆಯ ಮೆಕ್ಯಾನಿಕ್ ಅದನ್ನು ಎಬ್ಬಿಸಬಲ್ಲ. 918ಕ್ಕೆ ಆ ಸೌಲಭ್ಯವಿಲ್ಲ. ಲಿಥಿಯಂ ಅಯಾನ್ ಕೋಶಗಳು ಓಡಿಸಿದರೂ ಸವೆಯುತ್ತವೆ, ಸುಮ್ಮನೆ ನಿಂತರೂ ಕಾಲದಿಂದಲೇ ಸವೆಯುತ್ತವೆ. ಪೂರ್ತಿ ತುಂಬಿಸಿ ಬಿಸಿಲ ಜಾಗದಲ್ಲಿಟ್ಟರೆ ಬೇಗ, ಪೂರ್ತಿ ಬರಿದಾಗಲು ಬಿಟ್ಟರೆ ಒಮ್ಮೆಲೇ. ಹಾಗಾಗಿ ಮಾಲೀಕರು ಕಾರನ್ನು ಸದಾ ವಿದ್ಯುತ್ ಸಂಪರ್ಕದಲ್ಲಿಟ್ಟು, ಆಗಾಗ ಎಬ್ಬಿಸುತ್ತಿರಬೇಕಾಗುತ್ತದೆ. ಆದರೆ ಹರಾಜಿನಲ್ಲಿ ಹೆಚ್ಚು ಬೆಲೆ ಬರುವುದು ಓಡಿದ ಮೈಲಿ ಕಡಿಮೆಯಿರುವ ಕಾರಿಗೆ. ಯಂತ್ರದ ಆರೋಗ್ಯ ಬಳಕೆಯನ್ನು ಬೇಡುತ್ತದೆ, ಬೆಲೆ ಬಳಸದಿರುವುದನ್ನು ಬೇಡುತ್ತದೆ. ದಿನವೂ ಓಡಿಸಬಲ್ಲ ಸೂಪರ್‌ಕಾರು ಎಂಬುದೇ 918ರ ವಿನ್ಯಾಸದ ಗುರಿಯಾಗಿತ್ತು ಎಂಬುದನ್ನು ನೆನೆದಾಗ ಈ ವಿರೋಧ ಇನ್ನಷ್ಟು ಚುಚ್ಚುತ್ತದೆ.

ಇನ್ನೊಂದು ವಿಷಯ ಬಿಡಿಭಾಗ. ಎಂಜಿನ್ನಿನ ಒಂದು ಭಾಗ ಹೋದರೆ ಪರಿಣತ ಕಾರ್ಖಾನೆಯೊಂದು ಹೊಸದಾಗಿ ಕಡೆದು ಕೊಡಬಹುದು. ಆದರೆ ಮೋಟಾರು, ಇನ್ವರ್ಟರ್, ಬ್ಯಾಟರಿ ನಿಯಂತ್ರಕ ಮತ್ತು ಅವುಗಳನ್ನು ಬೆಸೆದ ತಂತ್ರಾಂಶ ತಯಾರಕರ ಕೈಯಲ್ಲೇ ಉಳಿದಿವೆ. ಜಗತ್ತಿನಲ್ಲಿ 918 ಮಾತ್ರ ಇರುವ ಬ್ಯಾಟರಿಗೆ ಹೊರಗಿನ ಬದಲಿ ತಯಾರಕರು ಹುಟ್ಟುವುದು ಕಷ್ಟ. ಪೋರ್ಷೆಯಂಥ ಸಂಸ್ಥೆಗೆ ತನ್ನ ಹಳೆಯ ಕಾರುಗಳ ಭಾಗಗಳನ್ನು ಒದಗಿಸುವ ದೊಡ್ಡ ವಿಭಾಗವೇ ಇರುವುದು ಇಲ್ಲಿ ಧೈರ್ಯ ಕೊಡುವ ಸಂಗತಿ, ಸಣ್ಣ ಸಂಸ್ಥೆಗಳ ಹೈಬ್ರಿಡ್ ಕೊಂಡವರಿಗೆ ಅಷ್ಟೂ ಇಲ್ಲ. ಈಗ 918 ಕೊಳ್ಳಲು ಹೊರಟವರು ಬಣ್ಣದ ಹೊಳಪಿಗಿಂತ ಮೊದಲು ಕೇಳಬೇಕಾದ ಕಾಗದ ಬ್ಯಾಟರಿಯ ಪರೀಕ್ಷಾ ವರದಿ, ಆಮೇಲೆ ಕಂಪನಿ ವಾಪಸ್ ಕರೆಸಿ ಮಾಡಿದ ದುರಸ್ತಿಗಳೆಲ್ಲ ಈ ಕಾರಿಗೆ ಆಗಿವೆಯೇ ಎಂಬ ದಾಖಲೆ, ಮೂರನೆಯದಾಗಿ ಟೈರುಗಳ ಮೇಲಿನ ತಯಾರಿಕೆಯ ವಾರ. ಕಡಿಮೆ ಓಡಿದ ಕಾರಿನಲ್ಲಿ ಟೈರಿನ ಗೆರೆಗಳು ಸವೆಯದೆ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಈ ಶಕ್ತಿಗೆ ಅದು ಅಪಾಯ.

ಕಂಪನಿಯ ಖಾತೆ

ಪೋರ್ಷೆಗೆ ಈ ಕಾರು ಏನು ಕೊಟ್ಟಿತು ಎಂಬುದನ್ನು 918 ಬಿಲ್ಲುಗಳಿಂದ ಅಳೆಯಲಾಗದು. 2017ರ ಪನಮೇರಾ ಹೈಬ್ರಿಡ್‌ಗಳಲ್ಲಿ ವೇಗವರ್ಧಕದ ಪೆಡಲ್ ಒತ್ತಿದ ಕ್ಷಣದಿಂದಲೇ ಮೋಟಾರಿನ ಬಲ ಸೇರಿಸುವ ತಂತ್ರವನ್ನು 918ರಿಂದ ತಂದದ್ದೆಂದು ಕಂಪನಿಯೇ ಹೇಳಿತು. 2015, 2016 ಮತ್ತು 2017ರಲ್ಲಿ ಸತತವಾಗಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ಪಂದ್ಯ ಗೆದ್ದ 919 ಹೈಬ್ರಿಡ್‌ನಲ್ಲಿ ಎಂಜಿನ್ ಬೇರೆಯಾದರೂ, ಮುಂದಿನ ಗಾಲಿಗೆ ಮೋಟಾರು ಮತ್ತು ಹಿಂದಕ್ಕೆ ಎಂಜಿನ್ ಎಂಬ ಹಂಚಿಕೆ ಅದೇ. 2024ರಲ್ಲಿ 911 ಕರೆರಾ ಜಿಟಿಎಸ್ ಹೈಬ್ರಿಡ್ ಆದಾಗ ಹಳೆಯ ಅಭಿಮಾನಿಗಳಿಂದ ನಿರೀಕ್ಷಿಸಬಹುದಾಗಿದ್ದಷ್ಟು ಪ್ರತಿಭಟನೆ ಬರಲಿಲ್ಲ. ಹೈಬ್ರಿಡ್ ಎಂದರೆ ರುಚಿಗೆಟ್ಟದ್ದು ಎಂಬ ಭಾವನೆಯನ್ನು ಹತ್ತು ವರ್ಷ ಮೊದಲೇ 918 ತೊಡೆದುಹಾಕಿತ್ತು ಎಂಬುದು ಅದಕ್ಕೆ ಒಂದು ಕಾರಣವೆಂದು ನಾನು ತಿಳಿಯುತ್ತೇನೆ.

2023ರ ಜೂನ್‌ನಲ್ಲಿ, ಸಂಸ್ಥೆಯ ಎಪ್ಪತ್ತೈದನೇ ವರ್ಷಕ್ಕೆ, ಪೋರ್ಷೆ ಮಿಷನ್ ಎಕ್ಸ್ ಎಂಬ ಪೂರ್ಣ ವಿದ್ಯುತ್ ಸೂಪರ್‌ಕಾರಿನ ಪ್ರಯೋಗ ಮಾದರಿಯನ್ನು ತೋರಿಸಿತು. 918ರ ವಿಷಯದಲ್ಲಿ ಪ್ರದರ್ಶನದಿಂದ ಒಪ್ಪಿಗೆಗೆ ನಾಲ್ಕು ತಿಂಗಳು ಸಾಕಾಗಿತ್ತು. ಮಿಷನ್ ಎಕ್ಸ್‌ಗೆ ಅಂಥ ಅವಸರವನ್ನು ಕಂಪನಿ ತೋರಿಸಲಿಲ್ಲ. 1,900 ಅಶ್ವಶಕ್ತಿ ದಾಟಿದ ವಿದ್ಯುತ್ ಕಾರು ನೆವೆರಾವನ್ನು 150 ಮಾತ್ರ ಮಾಡುವುದಾಗಿ ಹೇಳಿದ ಕ್ರೊಯೇಷಿಯಾದ ಕಾರು ತಯಾರಕ ಮೇಟ್ ರಿಮಾಕ್ ಅವರೇ, ಈ ಬೆಲೆಯ ಗ್ರಾಹಕರು ವಿದ್ಯುತ್ ಕಾರುಗಳತ್ತ ಹಿಂದಿನ ಉತ್ಸಾಹ ತೋರುತ್ತಿಲ್ಲವೆಂದು 2024ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಈ ಹಿಂಜರಿಕೆ ಮುಂದುವರಿದಷ್ಟು ಕಾಲ 918 ಅಗ್ರ ಸಾಲಿನ ಪೋರ್ಷೆಗಳಲ್ಲಿ ಕೊನೆಯ ವಿ8 ಆಗಿ ಉಳಿಯುತ್ತದೆ, ಅದರ ಬೆಲೆಯೂ ಅಷ್ಟರಮಟ್ಟಿಗೆ ಭದ್ರವಾಗಿರುತ್ತದೆ.